ತಿದ್ದುವವರೂ ತಡೆಯುವವರೂ

ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಬಂಧುಗಳಲ್ಲಿ ಈಚೆಗೆ ಒಂದು ಅಭಿಪ್ರಾಯವು ಬಲವಾಗಿ ಕೇಳಿಬರುತ್ತಿದೆ. ಸಂಘದ ಪತ್ರಿಕೆಗೆ ಬರುವ ಬರಹಗಳಲ್ಲಿ ಕಾಗುಣಿತದ ತಪ್ಪುಗಳೂ ವ್ಯಾಕರಣದ ತಪ್ಪುಗಳೂ ಹೇರಳವಾಗಿವೆಯಂತೆ. ಅಂಥ ಬರಹಗಳನ್ನು ಓದುವ ಗೋಜಿಗೇ ಹೋಗದೆ ಹಿಂದಕ್ಕೆ ಕಳುಹಿಸಬೇಕಂತೆ. ಆಡುಮಾತನ್ನಂತೂ ಪುಟದೊಳಕ್ಕೆ ಬಿಡಲೇಬಾರದಂತೆ. ಹೀಗೆ ಹೇಳುವವರು ಕನ್ನಡದ ಹಗೆಗಳೇನೂ ಅಲ್ಲ. ಅವರಲ್ಲಿ ಬಹು ಮಂದಿ ಉಪಾಧ್ಯಾಯರು. ಮನೆಯ ಕೆಲಸವನ್ನು ಬದಿಗಿಟ್ಟು ಮಕ್ಕಳಿಗೆ ಉಕ್ತಲೇಖನ ಬರೆಯಿಸಿದವರು. ಅವರ ಕಳಕಳಿಯನ್ನು ನಾವು ಬಲ್ಲೆವು. ಆದರೂ ಅವರ ಸೂಚನೆಯನ್ನು ನಾವು ವಿರೋಧಿಸುತ್ತೇವೆ. ಅರೆಮನಸ್ಸಿನಿಂದಲ್ಲ, ಪೂರ್ಣ ಮನಸ್ಸಿನಿಂದ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಲೇಸು. ಬರಹಕ್ಕೆ ನಿಯಮವೇ ಬೇಡ, ಹೇಗೆ ಬರೆದರೂ ತಿಳಿದರಾಯಿತು ಎನ್ನುವ ಪಕ್ಷದವರು ನಾವಲ್ಲ. ಬೆಳೆಗೂ ಬೇಳೆಗೂ ಭೇದವಿಲ್ಲವೆಂದು ಉದಗೀರದ ಅಡತಿ ಬಜಾರಿನಲ್ಲಿ ಯಾವ ರೈತನೂ ಒಪ್ಪಲಾರನು. ತೊಗರಿಯ ಬೆಳೆಯನ್ನು ಮಾರಿದವನಿಗೆ ಒಂದು ದರ, ತೊಗರಿಯ ಬೇಳೆಯನ್ನು ಮಾರಿದವನಿಗೆ ಇನ್ನೊಂದು ದರ. ಮೊರೆಯಿಟ್ಟವನು ಬೇರೆ, ಮೋರೆ ತೋರಿಸಿದವನು ಬೇರೆ. ಎಣಿಸುವುದಕ್ಕೆ ಏಣಿ ಬೇಕಾಗಿಲ್ಲ. ಹ್ರಸ್ವ ದೀರ್ಘಗಳು ಕೆಟ್ಟರೆ ಅರ್ಥವೇ ಕೆಡುವಂತಹ ಭಾಷೆ ನಮ್ಮದು. ಅಚ್ಚಾದ ಪುಟದಲ್ಲಿ ಇಂಥ ತಪ್ಪು ಉಳಿಯಕೂಡದು. ಪ್ರಶ್ನೆಯಿರುವುದು ಅಲ್ಲಲ್ಲ. ಅದನ್ನು ಯಾರು ತಿದ್ದಬೇಕು, ಯಾವಾಗ ತಿದ್ದಬೇಕು, ತಿದ್ದುವ ಮೊದಲೇ ಬರೆದವನನ್ನು ಬಾಗಿಲಿನ ಹೊರಗೆ ನಿಲ್ಲಿಸಬೇಕೆ, ಇದು ಪ್ರಶ್ನೆ.

ತಪ್ಪೆಂದು ಕೆಂಪು ಮಸಿಯಿಂದ ಸುತ್ತುಹಾಕುವಾಗ ನಮ್ಮ ಬಂಧುಗಳು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತಿದ್ದಾರೆ. ಅವುಗಳನ್ನು ಬಿಡಿಸಿ ನೋಡಿದರೆ ಅರ್ಧ ಜಗಳವು ತಾನಾಗಿಯೇ ತೀರುತ್ತದೆ.

ಎಕಾರ ಏಕಾರಗಳ, ಒಕಾರ ಓಕಾರಗಳ ಗೊಂದಲವನ್ನೇ ಮೊದಲು ತೆಗೆದುಕೊಳ್ಳೋಣ. ನಮ್ಮ ಮಕ್ಕಳ ಬರಹದಲ್ಲಿ ಇದು ಎಲ್ಲಕ್ಕಿಂತ ಹೆಚ್ಚು. ಏಕೆ? ಮಗುವು ಮನೆಯಿಂದ ಹೊರಟು ಶಾಲೆಯನ್ನು ಸೇರುವಷ್ಟರಲ್ಲಿ ಓದುವ ಹಲಗೆಗಳೆಲ್ಲ ಮರಾಠಿಯವು. ಮರಾಠಿಯ ಬರಹದಲ್ಲಿ ಎ ಎಂಬುದಕ್ಕೂ ಏ ಎಂಬುದಕ್ಕೂ ಒಂದೇ ಅಕ್ಷರ; ಒ ಓಗಳಿಗೂ ಅಷ್ಟೇ. ಆ ಭಾಷೆಗೆ ಅಷ್ಟೇ ಸಾಕು, ಅದು ಅದರ ಕೊರತೆಯಲ್ಲ. ಆದರೆ ಎರಡು ಲಿಪಿಗಳನ್ನು ಒಟ್ಟಿಗೆ ಕಲಿಯುವ ಮಗುವಿನ ಕಣ್ಣಿಗೆ ಕನ್ನಡದ ದೀರ್ಘದ ಗುರುತು ಒಂದು ಹೆಚ್ಚಿನ ಅಲಂಕಾರದಂತೆ ಕಂಡರೆ ಆಶ್ಚರ್ಯವೇನು? ಇನ್ನೂ ಒಂದು ಸಂಗತಿಯಿದೆ. ಕನ್ನಡದ ಹಳೆಯ ಶಾಸನಗಳಲ್ಲಿಯೂ ಓಲೆಗರಿಗಳಲ್ಲಿಯೂ ಈ ಹ್ರಸ್ವ ದೀರ್ಘಗಳನ್ನು ಬರಹದಲ್ಲಿ ಬೇರ್ಪಡಿಸುವ ವಾಡಿಕೆ ಸಾಮಾನ್ಯವಾಗಿ ಇರಲಿಲ್ಲ; ಓದುವವನು ಸಂದರ್ಭದಿಂದ ತಿಳಿದುಕೊಳ್ಳುತ್ತಿದ್ದನು. ಇಂದು ನಮಗೆ ಗುರುತಿದೆ, ಅದನ್ನು ಬಿಡತಕ್ಕದ್ದಲ್ಲ. ಆದರೆ ಆ ಗುರುತನ್ನು ಮರೆತ ಆರನೆಯ ಇಯತ್ತೆಯ ಹುಡುಗನನ್ನು ಭಾಷಾದ್ರೋಹಿಯೆಂಬಂತೆ ಕಾಣುವವರು ನಮ್ಮ ಶಾಸನಗಳನ್ನು ಕೊರೆದವರಿಗೆ ಏನು ಹೆಸರಿಡುತ್ತಾರೋ!

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಗೊಂದಲವಿದೆ. ಇದನ್ನು ಬೆಂಗಳೂರಿನ ಪರೀಕ್ಷಕರು ಕಂಡಿರಲಾರರು, ನಾವು ದಿನವೂ ಕಾಣುತ್ತೇವೆ. ವಿದ್ಯಾರ್ಥಿಯು ‘ಕವೀ’ ಎಂದು ಬರೆಯುತ್ತಾನೆ, ‘ಗತೀ’ ಎಂದು ಬರೆಯುತ್ತಾನೆ, ‘ಗುರೂ’ ಎಂದು ಬರೆಯುತ್ತಾನೆ. ಕನ್ನಡದ ಮಾಸ್ತರರು ತಪ್ಪೆಂದು ಗೆರೆ ಎಳೆಯುತ್ತಾರೆ. ಆದರೆ ಮರಾಠಿ ಸಾಹಿತ್ಯ ಮಹಾಮಂಡಳದ ಶುದ್ಧಲೇಖನದ ನಿಯಮಗಳು, 1962ರಲ್ಲಿ ಒಪ್ಪಿಗೆ ಪಡೆದವು, ಸಂಸ್ಕೃತದಿಂದ ಬಂದ ಇಕಾರಾಂತ ಉಕಾರಾಂತ ಶಬ್ದಗಳ ಕೊನೆಯನ್ನು ಮರಾಠಿಯಲ್ಲಿ ದೀರ್ಘವಾಗಿ ಬರೆಯಬೇಕೆಂದು ವಿಧಿಸುತ್ತವೆ. ಮುಂದಿನ ತಾಸಿನಲ್ಲಿ ಮರಾಠಿಯ ಮಾಸ್ತರರು ಅದೇ ಹುಡುಗನು ‘ಕವಿ’ ಎಂದು ಹ್ರಸ್ವವಾಗಿ ಬರೆದರೆ ಅಲ್ಲಿಯೂ ಗೆರೆ ಎಳೆಯುತ್ತಾರೆ. ಒಂದೇ ಶಬ್ದ, ಒಂದೇ ದಿನ, ಒಂದೇ ಹುಡುಗ. ಎರಡು ಕಡೆಯೂ ಅಂಕ ಹೋಯಿತು. ‘ಶಾಲೆ’ ಎಂಬುದನ್ನು ‘ಶಾಳೆ’ ಎಂದು ಬರೆಯುವುದಕ್ಕೂ, ‘ಫಲ’ವನ್ನು ‘ಫಳ’ವೆಂದೂ ‘ಕಾಲ’ವನ್ನು ‘ಕಾಳ’ವೆಂದೂ ಬರೆಯುವುದಕ್ಕೂ ಕಾರಣ ಇದೇ, ಮರಾಠಿಯಲ್ಲಿ ಶಾಳಾ, ಫಳ, ಕಾಳ ಎಂಬವೇ ಸರಿಯಾದ ರೂಪಗಳು. ಇವನು ನಿಯಮವನ್ನು ಅರಿಯದವನಲ್ಲ, ನಿಯಮವನ್ನು ಅರಿತು ತಪ್ಪಾದ ಮನೆಯಲ್ಲಿ ನಡೆಯಿಸಿದವನು. ಇಂಥವನಿಗೆ ಬೇಕಾದುದು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಬರೆದು ತೋರಿಸುವ ಗುರು. ಬರಹವನ್ನು ಹಿಂದಕ್ಕೆ ಕಳುಹಿಸುವ ಸಂಪಾದಕನಲ್ಲ.

ಅದೇ ಮರಾಠಿಯು ನಮ್ಮ ಮಕ್ಕಳಿಗೆ ಒಂದು ಉಪಕಾರವನ್ನೂ ಮಾಡಿದೆಯೆಂಬುದನ್ನು ಯಾರೂ ಹೇಳುವುದಿಲ್ಲ. ಮಹಾಪ್ರಾಣಗಳ ವಿಷಯದಲ್ಲಿ ಗಡಿಯ ಮಗುವು ಎಷ್ಟೋ ಗಟ್ಟಿ. ಭಾಷಾ, ಧರ್ಮ, ಅಭ್ಯಾಸ, ಅರ್ಥ ಇವು ಎರಡು ಭಾಷೆಗಳಲ್ಲಿಯೂ ಅವನ ಕಣ್ಣಿಗೆ ಬೀಳುತ್ತವೆ. ಮಹಾಪ್ರಾಣದಲ್ಲಿ ಎಡವುವವರು ಹೆಚ್ಚಾಗಿ ದೊಡ್ಡವರೇ. ಅದೂ ಬಿಟ್ಟು ಎಡವುವುದಲ್ಲ, ಹೆಚ್ಚು ಹಾಕಿ ಎಡವುವುದು. ‘ವಿಧ್ಯಾರ್ಥಿ’ ಎಂದು ಹಲಗೆ ಬರೆಯಿಸುವವರನ್ನೂ, ‘ಶುಭಾಷಯ’ ಎಂದು ಆಮಂತ್ರಣ ಪತ್ರಿಕೆ ಹಂಚುವವರನ್ನೂ ನಾವು ಎಲ್ಲ ಊರುಗಳಲ್ಲಿಯೂ ಕಂಡಿದ್ದೇವೆ. ಹ್ರಸ್ವ ಎಂಬ ಶಬ್ದವನ್ನೇ ‘ಹೃಸ್ವ’ ಎಂದು ಬರೆದು ಹ್ರಸ್ವ ದೀರ್ಘಗಳ ಮೇಲೆ ಉಪನ್ಯಾಸ ಕೊಡುವವರೂ ಕನ್ನಡನಾಡಿನಲ್ಲಿ ವಿರಳವಲ್ಲ. ತಪ್ಪಾದೀತೆಂಬ ಅಂಜಿಕೆಯೇ ಇಲ್ಲಿ ತಪ್ಪನ್ನು ಹುಟ್ಟಿಸುತ್ತದೆ: ಪಂಡಿತರಂತೆ ಕಾಣಬೇಕೆಂದು ಹೊಟ್ಟೆ ಸೀಳುತ್ತಾರೆ.

ಇನ್ನು ಆಡುಮಾತು. ಇದನ್ನು ತಪ್ಪುಗಳ ಪಟ್ಟಿಯಲ್ಲಿ ಸೇರಿಸುವುದನ್ನು ನಾವು ಸರ್ವಥಾ ಒಪ್ಪಲಾರೆವು. ‘ಮನಿ’, ‘ತಲಿ’, ‘ಬೆಲಿ’ ಎಂದು ನಮ್ಮ ಜನರು ಆಡುತ್ತಾರೆ. ಎಕಾರಾಂತ ನಾಮಪದಗಳು ಇಕಾರಾಂತವಾಗುವುದು ಇಲ್ಲಿಯ ನಡೆ. ಮನೆಯಲ್ಲಿ ಎಂಬುದು ‘ಮನ್ಯಾಗ’ ಆದರೆ ತಲೆಯಲ್ಲಿ ಎಂಬುದು ‘ತಲ್ಯಾಗ’ ಆಗುತ್ತದೆಯೇ ಹೊರತು ಒಂದೊಂದು ದಿನ ಒಂದೊಂದು ರೂಪವಾಗುವುದಿಲ್ಲ. ‘ಹೋಗಲತ್ತೀನಿ’ ಎಂಬುದನ್ನು ಕೇಳಿ ದಕ್ಷಿಣದ ಬಂಧುಗಳು ನಗುತ್ತಾರೆ. ‘ಹೋಗಲು’ ಎಂಬ ರೂಪಕ್ಕೆ ‘ಹತ್ತು’ ಎಂಬ ಧಾತುವು ಸೇರಿ, ನಡುವಿನ ಹಕಾರವು ಸವೆದು ಆದ ಕ್ರಿಯಾಪದವದು. ‘ಹೋಗಲತ್ತಾನ, ಹೋಗಲತ್ತಾಳ, ಹೋಗಲತ್ತಾರ’ ಎಂದು ಲಿಂಗ ವಚನಗಳಿಗೆ ತಕ್ಕಂತೆ ಅದು ನಡೆಯುತ್ತದೆ. ಇಷ್ಟು ನಿಯಮವುಳ್ಳದ್ದನ್ನು ವ್ಯಾಕರಣವಿಲ್ಲದ ಮಾತೆನ್ನುವವರು ವ್ಯಾಕರಣವೆಂದರೇನೆಂಬುದನ್ನೇ ಮರೆತಿದ್ದಾರೆ. ಕಲಬುರ್ಗಿಯ ಕಡೆಯ ಆಡುಮಾತನ್ನು ತುಂಬಿಕೊಂಡ ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ಅಕಾಡೆಮಿಯು ಬರಮಾಡಿಕೊಂಡ ಮಾತನ್ನು ನಮ್ಮ ಸಂಘವು ಹೊಸ್ತಿಲಲ್ಲಿ ತಡೆಯಬೇಕೆ?

ತಹಸೀಲದಾರರಿಗೆ ಕೊಡುವ ಅರ್ಜಿಯಲ್ಲಿ, ಬೋರ್ಡಿನ ಪರೀಕ್ಷೆಯ ಉತ್ತರದಲ್ಲಿ ಗ್ರಂಥಸ್ಥ ಭಾಷೆಯೇ ಇರಬೇಕು. ಈ ಭೇದವನ್ನು ಮಕ್ಕಳಿಗೆ ಕಲಿಸತಕ್ಕದ್ದು. ಅವರು ಬಹು ಬೇಗ ಕಲಿಯುತ್ತಾರೆ. ಹಬ್ಬಕ್ಕೆ ಒಂದು ಅಂಗಿ, ಹೊಲಕ್ಕೆ ಒಂದು ಅಂಗಿ ಎಂಬುದು ಅವರಿಗೆ ತಿಳಿಯದ ಸಂಗತಿಯಲ್ಲ.

ಪ್ರತಿಪಕ್ಷದವರ ಗಟ್ಟಿಯಾದ ವಾದವನ್ನು ಈಗ ನೋಡೋಣ. ನಾವು ಗಡಿಯವರು, ನಮ್ಮ ಮೇಲೆ ಎಲ್ಲರ ಕಣ್ಣಿದೆ. 2022ರ ಏಪ್ರಿಲ್ ತಿಂಗಳಿನಲ್ಲಿ ಇದೇ ಉದಗೀರದಲ್ಲಿ 95ನೆಯ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನವು ವೈಭವದಿಂದ ನಡೆಯಿತು. ಅಂಥ ಊರಿನಲ್ಲಿ ನಾವು ಹೊರಡಿಸುವ ಕೆಲವು ಪುಟಗಳೂ ತಪ್ಪುಗಳಿಂದ ತುಂಬಿದ್ದರೆ ಕನ್ನಡವೆಂದರೆ ಇಷ್ಟೇ ಎಂದು ಜನರು ತಿಳಿಯುವರು, ಎಂದು ಅವರ ವಾದ. ಇದರಲ್ಲಿ ಸತ್ಯವಿಲ್ಲವೆಂದು ಯಾರೂ ಹೇಳುವಂತಿಲ್ಲ. ಆದರೆ ಈ ವಾದವು ಬೆರಳು ತೋರಿಸುವುದು ಪತ್ರಿಕೆಯನ್ನು ಹೊರಡಿಸುವವರ ಕಡೆಗೆ, ಬರೆದು ಕಳುಹಿಸಿದವರ ಕಡೆಗಲ್ಲ. ಸ್ಟೆನ್ಸಿಲ್ ಕೊರೆಯುವ ಮೊದಲು ಓದಿ ತಿದ್ದುವವರು ಯಾರು? ನಾವು. ಪುಟದಲ್ಲಿ ತಪ್ಪು ಉಳಿದರೆ ಲಜ್ಜೆ ಯಾರದು? ನಮ್ಮದು. ಆ ಲಜ್ಜೆಯನ್ನು ಒಬ್ಬ ವಿದ್ಯಾರ್ಥಿನಿಯ ಹೆಗಲಿಗೆ ಏರಿಸಿ ನಾವು ಶುದ್ಧರೆಂದು ಕುಳಿತುಕೊಳ್ಳುವುದು ಸಂಪಾದಕ ಧರ್ಮವಲ್ಲ.

ಈ ನೆಲದಲ್ಲಿ ಕನ್ನಡವು ಹೇಗೆ ಉಳಿಯಿತೆಂಬುದನ್ನೂ ನೆನೆಯಬೇಕು. ನಿಲಂಗಾ, ಉದಗೀರಗಳು 1956ರ ವರೆಗೆ ಹೈದರಾಬಾದ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದವು. ಆ ವರ್ಷದ ನವೆಂಬರ 1ರಂದು ಮುಂಬಯಿ ರಾಜ್ಯಕ್ಕೆ ಸೇರಿ, 1960ರಲ್ಲಿ ಮಹಾರಾಷ್ಟ್ರಕ್ಕೆ ಬಂದು, 1982ರಲ್ಲಿ ಹೊಸ ಲಾತೂರ ಜಿಲ್ಲೆಯೊಳಗಾದವು. ಉಮರಗಾ ಇರುವ ಉಸ್ಮಾನಾಬಾದ ಜಿಲ್ಲೆಗೆ 2023ರಿಂದ ಧಾರಾಶಿವವೆಂದು ಹೆಸರು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು, ಮೇಲಿನ ಶಿಕ್ಷಣದ ಭಾಷೆಯೂ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆಯನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಆ ಕಾಲದ ನಮ್ಮ ಹಿರಿಯರು ಮಠಗಳಲ್ಲಿ, ಅಂಗಡಿಯ ಕಟ್ಟೆಗಳಲ್ಲಿ, ಮನೆಯಲ್ಲಿ ಅಷ್ಟಿಷ್ಟು ಅಕ್ಷರ ಕಲಿತು ಬೀಗರಿಗೆ ಪತ್ರ ಬರೆದರು, ಲೆಕ್ಕ ಬರೆದರು, ಭಜನೆಯ ಪದಗಳನ್ನು ಬರೆದಿಟ್ಟರು. ಇಂದಿನ ಕಣ್ಣಿನಿಂದ ನೋಡಿದರೆ ಅವುಗಳಲ್ಲಿ ಸಾಲಿಗೊಂದು ತಪ್ಪು ಸಿಕ್ಕೀತು. ಆ ತಪ್ಪುಗಳುಳ್ಳ ಕಾಗದಗಳೇ ಕನ್ನಡವನ್ನು ನಮ್ಮ ವರೆಗೆ ಹೊತ್ತು ತಂದವು. ಶುದ್ಧವಾಗಿ ಬರೆಯಲು ಬಾರದವರು ಬರೆಯಲೇಬಾರದೆಂಬ ನಿಯಮವು ಅಂದು ಇದ್ದಿದ್ದರೆ ಇಂದು ನಾವು ಈ ಜಗಳವನ್ನು ಮರಾಠಿಯಲ್ಲಿ ಆಡಬೇಕಾಗುತ್ತಿತ್ತು.

ರಾಜ್ಯೋತ್ಸವದ ವೇದಿಕೆಯನ್ನೇರಿದಾಗ ನಮ್ಮ ಬಂಧುಗಳೆಲ್ಲರೂ ಕವಿರಾಜಮಾರ್ಗವನ್ನು ನೆನೆಯುತ್ತಾರೆ. ಕಾವೇರಿಯಿಂದ ಗೋದಾವರಿಯ ವರೆಗಿನ ನಾಡೆಂದು ಎದೆಯುಬ್ಬಿಸುತ್ತಾರೆ; ಅದು ಸರಿಯೇ, ಆ ಎಲ್ಲೆಯೊಳಗೆ ನಮ್ಮ ಮೂರು ತಾಲೂಕುಗಳೂ ಸೇರುತ್ತವೆ. ಆ ಗ್ರಂಥವು ಹುಟ್ಟಿದುದು ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ. ಅವನ ರಾಷ್ಟ್ರಕೂಟ ವಂಶವು ತನ್ನ ಮೂಲವನ್ನು ಹೇಳಿಕೊಂಡುದು ಲಟ್ಟಲೂರಿನಿಂದ, ಅಂದರೆ ನಮ್ಮ ಲಾತೂರಿನಿಂದ. ಓದಿನ ಹಂಗಿಲ್ಲದೆಯೂ ಕಾವ್ಯದಲ್ಲಿ ನುರಿತ ಜನವೆಂದು ಅದು ಕನ್ನಡಿಗರನ್ನು ಹೊಗಳಿದ ಮಾತಿಗೆ ಚಪ್ಪಾಳೆ ಹೊಡೆದು, ಕೆಳಗಿಳಿದ ಕೂಡಲೇ ಓದಿನ ಪ್ರಮಾಣಪತ್ರವಿಲ್ಲದವನ ಬರಹವನ್ನು ಮರಳಿಸಿರೆನ್ನುವುದು ಎಂತಹ ನ್ಯಾಯ? ಅದೇ ಗ್ರಂಥದಲ್ಲಿ ಇನ್ನೊಂದು ಮಾತೂ ಇದೆ: ದೇಸಿಗಳು ಊರೂರಿಗೆ ಬೇರೆಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನೆಲ್ಲ ಎಣಿಸಹೊರಟರೆ ಸರ್ಪರಾಜನಾದ ವಾಸುಕಿಗೂ ಬೇಸರವಾದೀತೆಂದು. ಹಾಗೆಂದು ಆ ಗ್ರಂಥಕಾರನು ದೋಷಗಳನ್ನು ಮನ್ನಿಸಿದವನಲ್ಲ. ಕಾವ್ಯದ ದೋಷಗಳನ್ನು ಎತ್ತಿ ತೋರಿಸಿದನು, ಹೀಗಲ್ಲ ಹೀಗೆ ಎಂದು ತಿದ್ದಿಯೂ ತೋರಿಸಿದನು. ತಿರುಳ್ಗನ್ನಡದ ಸೀಮೆಯೆಂದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸಿದನು. ನಮ್ಮ ಊರುಗಳು ಆ ತಿರುಳಿನಲ್ಲಿಲ್ಲ, ನಾಡಿನಲ್ಲಿವೆ. ಅಂದಿನಿಂದಲೂ ನಮ್ಮ ನೆಲೆ ಅದೇ.

ವ್ಯಾಕರಣವೆಂಬುದು ನಿಂತ ನೀರೂ ಅಲ್ಲ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದಾಗ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಶರ್ಕರೆಯು ಸಕ್ಕರೆಯಾದುದನ್ನೂ ದೀಪಿಕೆಯು ದೀವಿಗೆಯಾದುದನ್ನೂ ಇಂದು ಯಾವ ಉಪಾಧ್ಯಾಯರೂ ತಪ್ಪೆನ್ನುವುದಿಲ್ಲ. ಅದೇ ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕಾಪಾಡಲು ಯತ್ನಿಸಿದನು. ಆ ಅಕ್ಷರವೇ ಹೋಯಿತು, ಏಳು ಬಾಳುಗಳನ್ನು ನಾವೆಲ್ಲರೂ ಳಕಾರದಿಂದ ಬರೆಯುತ್ತೇವೆ. ಮರಾಠಿಯಲ್ಲಿಯೂ ಹೀಗೆಯೇ ಆಯಿತು. ನಾಂವ, ಕಾಂಹೀ ಎಂದು ಅನುಸ್ವಾರ ಸಹಿತ ಬರೆಯುತ್ತಿದ್ದವರು ಮೊದಲು ಶುದ್ಧ ಬರಹಗಾರರು; ಉಚ್ಚಾರದಲ್ಲಿಲ್ಲದ ಅನುಸ್ವಾರವನ್ನು ಹೊಸ ನಿಯಮಗಳು ತೆಗೆದುಹಾಕಿದ ಮೇಲೆ ಅಶುದ್ಧ ಬರಹಗಾರರು. ಕೈ ಅದೇ, ಲೇಖನಿ ಅದೇ.

ಇದನ್ನೇ ಹಿಡಿದುಕೊಂಡು, ಹಾಗಾದರೆ ಮಹಾಪ್ರಾಣಗಳನ್ನು ಇಂದೇ ಕೈಬಿಡೋಣ, ಉಚ್ಚರಿಸಿದಂತೆ ಬರೆಯೋಣ ಎಂದು ವಾದಿಸುವ ತರುಣರು ಕೆಲವರಿದ್ದಾರೆ. 2023ರಲ್ಲಿ ತೀರಿಕೊಂಡ ಡಿ. ಎನ್. ಶಂಕರ ಭಟ್ಟರು ಅಂಥ ಬರಹವನ್ನು ಪ್ರತಿಪಾದಿಸಿದರು, ತಮ್ಮ ಗ್ರಂಥಗಳನ್ನೇ ಹಾಗೆ ಬರೆದು ತೋರಿಸಿದರು. ಅವರದು ಹೊಸ ನಿಯಮ. ಪುಟದಿಂದ ಪುಟಕ್ಕೆ ತಪ್ಪದೆ ಪಾಲಿಸಿದ ನಿಯಮ. ಒಂದು ಸಾಲಿನಲ್ಲಿ ‘ಭಾಷೆ’, ಮುಂದಿನ ಸಾಲಿನಲ್ಲಿ ‘ಬಾಶೆ’ ಎಂದು ಬರೆಯುವ ಆಲಸ್ಯಕ್ಕೆ ಅವರ ಹೆಸರನ್ನು ಹೊದಿಸುವುದು ಅವರಿಗೆ ಮಾಡುವ ಅಪಚಾರ. ಅಲ್ಲದೆ ನಮ್ಮ ಮಕ್ಕಳು ಓದುವುದು ಪುಣೆಯ ಬಾಲಭಾರತಿಯ ಕನ್ನಡ ಪುಸ್ತಕಗಳನ್ನು, ಬರೆಯುವುದು ಮಹಾರಾಷ್ಟ್ರ ಬೋರ್ಡಿನ ಪರೀಕ್ಷೆಯನ್ನು. ಬೆರಳೆಣಿಕೆಯ ಜನರಾದ ನಾವು ನಮ್ಮದೇ ಒಂದು ಕಾಗುಣಿತವನ್ನು ಕಟ್ಟಿಕೊಂಡರೆ ಅದರ ದಂಡವನ್ನು ತೆರಬೇಕಾದವರು ಆ ಮಕ್ಕಳು.

ಕೆಂಪು ಮಸಿಯು ಮಗುವಿನ ಮೇಲೆ ಏನು ಮಾಡುತ್ತದೆಂಬುದನ್ನು ಉಪಾಧ್ಯಾಯ ಬಂಧುಗಳೇ ಬಲ್ಲರು. ಮೂವತ್ತು ಸುತ್ತುಗಳುಳ್ಳ ಪ್ರಬಂಧವನ್ನು ಮರಳಿ ಪಡೆದ ಹುಡುಗನು ಮುಂದಿನ ಸಲ ತಪ್ಪಿಲ್ಲದೆ ಬರೆಯುತ್ತಾನೆ, ನಿಜ. ಏನು ಬರೆಯುತ್ತಾನೆ? ಆಕಳು ಸಾಧು ಪ್ರಾಣಿಯೆಂದು ಬರೆಯುತ್ತಾನೆ. ತನಗೆ ಗೊತ್ತಿರುವ ಸುರಕ್ಷಿತವಾದ ನೂರು ಶಬ್ದಗಳೊಳಗೆ ಅಡಗಿಕೊಳ್ಳುತ್ತಾನೆ, ಇಲ್ಲವೆ ಗೈಡಿನಿಂದ ನಕಲು ಮಾಡುತ್ತಾನೆ. ನಮ್ಮ ಕೈಸೇರುವ ಬರಹಗಳಲ್ಲಿ ಒಂದೂ ತಪ್ಪಿಲ್ಲದವು ಬಹುಮಟ್ಟಿಗೆ ಇಂಥವೇ. ತೊಗರಿಯ ರಾಶಿಯ ಬಗೆಗೆ, ಕಬ್ಬು ಕಡಿಯಲು ದೂರ ಹೋಗುವ ತಂದೆತಾಯಿಗಳ ಬಗೆಗೆ ಕಣ್ಣಾರೆ ಕಂಡು ಬರೆದವುಗಳೇ ತಪ್ಪುಗಳನ್ನು ಹೊತ್ತು ಬರುತ್ತವೆ. ಆ ಶಬ್ದಗಳಲ್ಲಿ ಅರ್ಧದಷ್ಟು ಯಾವ ಪಾಠದಲ್ಲಿಯೂ ಅವನ ಕಣ್ಣಿಗೆ ಬಿದ್ದಿರುವುದಿಲ್ಲ, ಕಿವಿಯಿಂದ ಕೇಳಿ ಮೊದಲ ಸಲ ಬರೆದಿರುತ್ತಾನೆ.

1993ರ ಸೆಪ್ಟೆಂಬರ 30ರ ಬೆಳಗಿನ ಜಾವದಲ್ಲಿ ಕಿಲ್ಲಾರಿಯ ಭೂಕಂಪವು ಔಸಾ, ಉಮರಗಾ ತಾಲೂಕುಗಳ ಹಳ್ಳಿಗಳನ್ನು ನೆಲಸಮ ಮಾಡಿತು. ಗಣಪತಿಯನ್ನು ಕಳುಹಿಸಿ ಬಂದು ಮಲಗಿದ್ದ ಜನ. ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ದಪ್ಪ ಮಾಳಿಗೆ. ಸಾವಿರಗಟ್ಟಲೆ ಜನರು ಮಲಗಿದಲ್ಲಿಯೇ ಮಡಿದರು. ಅದನ್ನು ಕಂಡು ಬದುಕಿದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಕನ್ನಡದ ಮನೆಗಳವರೂ ಇದ್ದಾರೆ. ಆಯಿಯೊಬ್ಬಳು ಹೇಳಿದುದನ್ನು ಮೊಮ್ಮಗಳು ನಾಲ್ಕು ಹಾಳೆಗಳಲ್ಲಿ ಬರೆದು ಕಳುಹಿಸಿದಳೆಂದು ಇಟ್ಟುಕೊಳ್ಳೋಣ: ‘ಮಾಳಗಿ ಮಣ್ಣ ಮೈಮ್ಯಾಗ ಬಿತ್ತು, ಉಸರ ಬಿಡ್ಲಾಕ ಬರಲಿಲ್ಲ, ಬಾಜೂಕ ಮಲಗಿದ ತಂಗಿ ಕೈ ಹಿಡಕೊಂಡಿದ್ದ, ಆ ಕೈ ತಣ್ಣಗ ಆತು.’ ಇದರ ಮೇಲೆ ಸುತ್ತುಹಾಕುವವರು ಎಲ್ಲಿಂದ ಪ್ರಾರಂಭಿಸುತ್ತಾರೆ? ‘ಮಾಳಗಿ’ಯಿಂದಲೆ, ‘ಉಸರಿ’ನಿಂದಲೆ? ಈ ಹಾಳೆಗಳನ್ನು ಓದದೆಯೇ ಮರಳಿಸಿದರೆ ಅವಳು ಎರಡನೆಯ ಸಲ ಬರೆಯುವುದಿಲ್ಲ. ಬರೆದರೂ ಕನ್ನಡದಲ್ಲಿ ಬರೆಯುವುದಿಲ್ಲ. ಆಯಿಯು ಎಷ್ಟು ದಿನ ಇರುತ್ತಾಳೆ? ಆ ಬೆಳಗಿನ ಜಾವವು ಕನ್ನಡದಲ್ಲಿ ದಾಖಲಾಗದೆ ಹೋದರೆ ಆ ನಷ್ಟವನ್ನು ಎಷ್ಟು ಶುದ್ಧ ಪುಟಗಳಿಂದ ತುಂಬಿಕೊಡುವಿರಿ?

ನಾವು ಅದನ್ನು ಹೇಗೆ ಅಚ್ಚು ಮಾಡುವೆವೆಂದು ಕೇಳಿದರೆ: ಆಯಿಯ ಮಾತನ್ನು ಆಯಿಯ ಮಾತಾಗಿಯೇ ಬಿಡುವೆವು. ಮೊಮ್ಮಗಳು ತನ್ನ ಕಡೆಯಿಂದ ಬರೆದ ಸಾಲುಗಳಲ್ಲಿ ಬೆಳೆ ಬೇಳೆಗಳು ಬೆರೆತಿದ್ದರೆ ತಿದ್ದುವೆವು. ತಿದ್ದಿದ ಪ್ರತಿಯನ್ನು ಅವಳಿಗೆ ಕಳುಹಿಸಿ ಯಾವುದು ಏಕೆ ಬದಲಾಯಿತೆಂಬುದನ್ನು ಪಕ್ಕದಲ್ಲಿ ಬರೆದು ತಿಳಿಸುವೆವು. ಅವಳ ತಪ್ಪುಗಳನ್ನು ಸಭೆಯಲ್ಲಿ ಓದಿ ನಗಿಸುವುದಿಲ್ಲ. ಈ ದುರಭ್ಯಾಸವು ನಮ್ಮ ಕೆಲವು ಸಮಾರಂಭಗಳಲ್ಲಿ ಹೊಕ್ಕಿದೆ, ಅದು ನಿಲ್ಲತಕ್ಕದ್ದು. ಉಪಾಧ್ಯಾಯರ ಬರಹಗಳ ವಿಷಯದಲ್ಲಿ ಮಾತ್ರ ನಾವು ಇಷ್ಟು ಮೃದುವಾಗಿರಲಾರೆವು. ಮಗುವಿನ ತಪ್ಪು ಒಂದು ಹಾಳೆಯಲ್ಲಿ ಉಳಿಯುತ್ತದೆ, ಉಪಾಧ್ಯಾಯರ ತಪ್ಪು ಕರಿಹಲಗೆಯಿಂದ ನಲವತ್ತು ವಹಿಗಳಿಗೆ ಇಳಿಯುತ್ತದೆ. ಆದುದರಿಂದ ಅವರ ಬರಹಗಳನ್ನು ಅವರಿಗೇ ಮರಳಿಸಿ ತಿದ್ದಿಸಿಕೊಳ್ಳುವೆವು, ನಿಷ್ಠುರವಾದರೂ ಚಿಂತೆಯಿಲ್ಲ. ಸಂಪಾದಕ ಮಂಡಳಿಯ ಬರಹಗಳನ್ನು ಮಂಡಳಿಯ ಹೊರಗಿನ ಒಬ್ಬರು ಓದಿದ ಮೇಲೆಯೇ ಅಚ್ಚಿಗೆ ಕೊಡುವೆವು.

ಬಿಗಿಯಾದ ನಿಯಮವು ಎಲ್ಲಿಯಾದರೂ ತುರ್ತಾಗಿ ಬೇಕಾಗಿದ್ದರೆ ಅದು ನಮ್ಮ ಊರುಗಳ ಹೆಸರಿಗೆ. ಉಮರಗಾ, ಉಮರ್ಗಾ, ಉಮರ್ಗ, ಕಚೇರಿಯ ಇಂಗ್ಲಿಷನ್ನು ಅನುಸರಿಸಿ ಓಮೇರ್ಗಾ. ಉದಗೀರ, ಉದ್ಗೀರ್, ಉದಗಿರ್. ಹೀಗೆ ಒಬ್ಬೊಬ್ಬರ ಲೇಖನಿಯಲ್ಲಿ ಒಂದೊಂದು. ಪ್ರತಿಯೊಂದು ಊರಿಗೂ ಒಂದೇ ಕನ್ನಡ ರೂಪವನ್ನು ಸಂಘವು ಗೊತ್ತುಮಾಡಬೇಕೆಂದು ನಮ್ಮ ಸೂಚನೆ. ಹಳ್ಳಿಗಳ ಹೆಸರುಗಳನ್ನು ಆಯಾ ಹಳ್ಳಿಯ ಹಿರಿಯರನ್ನು ಕೇಳಿ, ಅವರು ನುಡಿಯುವಂತೆಯೇ ಬರೆದು, ಉಪಾಧ್ಯಾಯರು ನಮಗೆ ಕಳುಹಿಸಲಿ.

ಮುಂದಿನ ಸಂಚಿಕೆಗೆ ಬರೆಯುವವರು ಕಾಗದದ ಒಂದೇ ಮಗ್ಗುಲಿಗೆ, ಸಾಲುಗಳ ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಬರೆಯಬೇಕು. ತಿದ್ದುವುದಕ್ಕೆ ನಮಗೆ ಆ ಜಾಗ ಬೇಕಾಗುತ್ತದೆ.